ಸೀರೆ ಚೀಲದೊಳಗಿನ ಫೈಲು

ನಮ್ಮ ಪದ್ಮನಾಭನಗರದ ಮನೆಯ ಷೋಕೇಸಿನಲ್ಲಿ ಒಂದು ಗಾಜಿನ ಶೀಶೆಯಿದೆ; ಅದರೊಳಗೆ ಯಜಮಾನರ ಮೂತ್ರಪಿಂಡದಿಂದ ಹೊರಬಂದ ಕಲ್ಲು. ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದರ ದರ್ಶನವಾಗಬೇಕು. ನನ್ನ ಗರ್ಭಕಂಠದ ಫೈಲು ಮಾತ್ರ ಬೀರುವಿನಲ್ಲಿ, ಸೀರೆ ಅಂಗಡಿಯ ಚೀಲದೊಳಗೆ, ರೇಷ್ಮೆ ಸೀರೆಗಳಡಿ ಅಡಗಿ ಕೂತಿತ್ತು. ಅಲ್ಲಿಡೆಂದು ಯಾರೂ ಹೇಳಿರಲಿಲ್ಲ, ನೋಡಿ, ನಾನೇ ಇಟ್ಟಿದ್ದೆ.

ಗರ್ಭಕಂಠದ ಟೆಸ್ಟಿನಲ್ಲಿ ಕೆಟ್ಟ ಜೀವಕೋಶಗಳು ಕಂಡಿದ್ದವು. ಇದು ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ವರ್ಷಗಳ ಮೇಲೆ ಆಗಬಹುದು ಎಂದಿದ್ದರು ಜಯನಗರದ ಡಾಕ್ಟರಮ್ಮ. ಆ ಜೀವಕೋಶಗಳನ್ನು ಅತಿಶೈತ್ಯದಿಂದ ಕೊಲ್ಲಬಹುದು, ಲೇಸರಿನಿಂದ ಸುಡಬಹುದು, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ತೆಗೆಯಬಹುದು, ಇಲ್ಲವೇ ಚಾಕುವಿನಿಂದ ಆಳಕ್ಕೆ ಕತ್ತರಿಸಬಹುದು. ಗುಣಪಡಿಸುವುದರಲ್ಲಿ ನಾಲ್ಕರಲ್ಲಿ ಇಂಥದ್ದೇ ಮೇಲೆಂದು ಸಾಧಿಸುವುದು ಕಷ್ಟವಂತೆ. ಆದರೆ ಕೊಂದರೆ, ಸುಟ್ಟರೆ ಲ್ಯಾಬಿನ ಪರೀಕ್ಷೆಗೆ ಚೂರೂ ಉಳಿಯದು, ಚಾಕುವಾದರೆ ರಕ್ತ ಹೋಗುವುದು ಹೆಚ್ಚು. ನನಗೆ ಕುಣಿಕೆ ಸಾಕು, ಮಧ್ಯಾಹ್ನಕ್ಕೆ ಮನೆ ಸೇರಬಹುದು ಎಂದರು.

ಗಿರಿನಗರದ ಅತ್ತಿಗೆಗೆ, ಎಂದರೆ ಯಜಮಾನರ ಅಕ್ಕನಿಗೆ, ಈ ತಾರತಮ್ಯವೆಲ್ಲ ಹಿಡಿಸಲಿಲ್ಲ. “ಎರಡು ಮಕ್ಕಳಾಯ್ತಲ್ಲೇ, ಇನ್ನೇನಕ್ಕೆ ಅದು? ಗರ್ಭಕೋಶಾನೇ ತೆಗ್ಸಿಬಿಡು, ರಗಳೆ ಇರಲ್ಲ.” ಹಳೆಯ ಮಿಕ್ಸಿಯನ್ನು ಗುಜರಿಗೆ ಹಾಕುವಷ್ಟೇ ಸಲೀಸು. ತಮ್ಮನಿಗೆ ಕಲ್ಲಾದಾಗ ಮೂತ್ರಪಿಂಡವನ್ನೇ ಕೀಳಿಸೆಂದು ಈ ಪುಣ್ಯಾತ್ಗಿತ್ತಿ ಏಕೆ ಹೇಳಲಿಲ್ಲವೋ! “ಅಕ್ಕ ಹೇಳೋದೂ ಸರಿ ಅಲ್ವಾ?” ಎಂದರು ಯಜಮಾನರು. ನನಗೆ ಮೈಯೆಲ್ಲ ಉರಿಯಿತು, ಹೆದರಿಕೆಯೂ ಆಯಿತು.

ಗೌರಿಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರು ಕೂತಿದ್ದಾಗ, ನನ್ನ ಹೊಸ ಸೀರೆ ತೋರಿಸುವ ಉತ್ಸಾಹದಲ್ಲಿ ಅತ್ತಿಗೆ ಆ ಚೀಲವನ್ನೇ ತಂದು ಬಿಚ್ಚಿದರು. ಅಂಚು, ಸೆರಗು ನೋಡಲು ಕತ್ತು ಚಾಚಿದವರಿಗೆ ಫೈಲಿನಲ್ಲಿದ್ದ ನನ್ನ ಗರ್ಭಕಂಠದ ಬಣ್ಣದ ಚಿತ್ರ ದರ್ಶನ ಕೊಟ್ಟಿತು. ಎಲ್ಲರೂ ತಾಂಬೂಲದ ತಟ್ಟೆ ನೋಡತೊಡಗಿದರು. ನನಗೂ ಮುಚ್ಚಿಟ್ಟು ಸಾಕಾಗಿತ್ತು. ಯಜಮಾನರು ಕಲ್ಲಿನ ಬಗ್ಗೆ ಮಾತಾಡುವ ಧಾಟಿಯಲ್ಲೇ ನಾಲ್ಕೂ ವಿಧಾನಗಳನ್ನು ಬಣ್ಣಿಸಿ, ಗರ್ಭಕೋಶ ಎಲ್ಲಿಗೂ ಹೋಗುವುದಿಲ್ಲ, ಸೋಮವಾರ ಕುಣಿಕೆ ಎಂದು ಸಾರಿದೆ.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅತ್ತಿಗೆ ಮೆಲ್ಲಗೆ ಕೇಳಿದರು: “ಆ ಟೆಸ್ಟು ನೋವಾಗತ್ತೇನೇ? ನಾನು ಯಾವತ್ತೂ ಮಾಡ್ಸಿಲ್ಲ.” ನನ್ನ ಕೋಪ ಎಲ್ಲಿ ಹೋಯಿತೋ. “ಐದು ನಿಮಿಷ ಅತ್ತಿಗೆ, ನಾನೂ ಬರ್ತೀನಿ” ಎಂದೆ.

ಕುಣಿಕೆ ಮುಗಿಯಿತು. ನನ್ನ ಫೈಲೀಗ ಷೋಕೇಸಿನಲ್ಲಿ, ಕಲ್ಲಿನ ಪಕ್ಕದಲ್ಲೇ ಇದೆ. ಮೊನ್ನೆ ಅತ್ತಿಗೆ ತಮ್ಮ ಟೆಸ್ಟಿನ ರಿಪೋರ್ಟು ಹಿಡಿದು ಬಂದರು, ಸೀರೆ ಅಂಗಡಿಯ ಚೀಲದಲ್ಲಿ. “ಏನೂ ಇಲ್ವಂತೆ ಕಣೇ. ಆದ್ರೂ ನಮ್ಮನೆಯವರ ಕಣ್ಣಿಗೆ ಬೀಳೋದು ಬೇಡ, ನಿನ್ನ ಹತ್ರಾನೇ ಇರ್ಲಿ” ಎಂದು ಪಿಸುಗುಟ್ಟಿ, ಅದನ್ನು ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳಡಿ, ತಾವೇ ಒತ್ತಿಟ್ಟರು.