ಇಪ್ಪತ್ತೊಂದನೆಯ ಸಾಲು

ಹುಡುಗರು ಅವರನ್ನು ಫ್ರಿಜ್ ಮಾವ ಎಂದು ಕರೆಯುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ನಮ್ಮ ತರಬೇತಿ ಕೇಂದ್ರದಲ್ಲಿ ಪರಿಸರದ ಪಾಠ ಹೇಳುವವಳು ನಾನು, ಕೈಕೆಲಸ ಕಲಿಸುತ್ತಿದ್ದವರು ಅವರು. ಹನ್ನೊಂದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು. ನನಗೆ ಹೊಗಳಿ ಬರೆಯಲು ಬರುವುದಿಲ್ಲ, ಅವರಿಗೆ ಹೊಗಳಿಸಿಕೊಳ್ಳಲು ಬರುತ್ತಿರಲಿಲ್ಲ. ಹಾಗಾಗಿ ಒಂದು ಶನಿವಾರದ ಸಂಗತಿಯನ್ನಷ್ಟೇ ಹೇಳುತ್ತೇನೆ.

ಅದಕ್ಕೆ ಮೊದಲು ಅವರು ನಮ್ಮಲ್ಲಿಗೆ ಬಂದದ್ದು ಹೇಗೆಂದು ಹೇಳಬೇಕು. ಇಪ್ಪತ್ತೆಂಟು ವರ್ಷ ಅವರು ಫ್ರಿಜ್, ಎ.ಸಿ. ರಿಪೇರಿ ಮಾಡಿದ ಮೆಕ್ಯಾನಿಕ್. ಕೆಟ್ಟ ಯಂತ್ರದ ಕೊಳವೆ ಬಿಚ್ಚುವ ಮುಂಚೆ ಒಳಗಿನ ಗ್ಯಾಸ್ ಖಾಲಿಯಾಗಬೇಕು. ವಾಲ್ವ್ ತಿರುಗಿಸಿ ಸುಯ್ಯೆಂದು ಗಾಳಿಗೆ ಬಿಟ್ಟರೆ ಎರಡೇ ನಿಮಿಷ. ಅದಕ್ಕೆಂದೇ ಇರುವ ಮೆಷಿನ್ ಜೋಡಿಸಿ ಸಿಲಿಂಡರಿನೊಳಕ್ಕೆ ಹಿಡಿದರೆ ನಲವತ್ತು ನಿಮಿಷ. ಎಲ್ಲರ ಹಾಗೆ ಅವರೂ ಬಿಡುತ್ತಲೇ ಬಂದರು. ಐವತ್ತು ದಾಟಿದ ಮೇಲೆ ಹೊಸ ನಿಯಮ ಬಂತೆಂದು ಸರ್ಟಿಫಿಕೇಟಿಗಾಗಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂತರು.

ಒಂದು ಕಿಲೋ ಗ್ಯಾಸ್ ಬಿಟ್ಟರೆ ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಅವರು ಎದ್ದು ಹೊರಗೆ ಹೋದರು. ಟೀ ಕುಡಿಯಲು ಹೋದರೆಂದುಕೊಂಡು ನನಗೆ ಸಿಟ್ಟು ಬಂತು. ಪಾಠ ಮುಗಿಸಿ ಬಂದರೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದರು. ಎಡಗೈ ಹೆಬ್ಬೆರಳಿನ ತುದಿ ಯಾವುದೋ ಕಾಲದಲ್ಲಿ ಗ್ಯಾಸಿನ ಶೀತಕ್ಕೆ ಸತ್ತು ಬೆಳ್ಳಗಾಗಿತ್ತು.

"ಮೇಡಂ, ಇಪ್ಪತ್ತೆಂಟು ವರ್ಷದ್ದು ವಾಪಸ್ ಹಿಡಿಯೋಕಾಗಲ್ವಾ?"

"ಆಗಲ್ಲ" ಎಂದೆ. ಅಷ್ಟೇ ಅಂದೆ. ಇನ್ನೊಂದು ಮಾತು ಸೇರಿಸಬಹುದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಮರುವರ್ಷ ಅಂಗಡಿ ಮುಚ್ಚಿ ನಮ್ಮಲ್ಲೇ ಮೇಷ್ಟ್ರಾದರು. ಅವರ ಪಾಠದಲ್ಲಿ ಮಾತಿಗಿಂತ ಕಾಯುವುದೇ ಜಾಸ್ತಿ. ಆ ನಲವತ್ತು ನಿಮಿಷ ಯಾರೂ ಮೊಬೈಲ್ ಮುಟ್ಟುವಂತಿಲ್ಲ, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಇಳಿಯುವವರೆಗೆ ನೋಡುತ್ತ ಕೂರಬೇಕು. "ಕಾಯೋದೂ ಕೆಲಸಾನೇ ಕಣ್ರಪ್ಪ, ಅದಕ್ಕೂ ಕೈ ಪಳಗಬೇಕು" ಅನ್ನುತ್ತಿದ್ದರು. ಕೋರ್ಸ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ಹೊರಗಿನ ವರ್ಕ್‌ಶಾಪುಗಳಲ್ಲಿ ಇಪ್ಪತ್ತು ಯಂತ್ರಗಳ ಗ್ಯಾಸ್ ಹಿಡಿದು, ತೂಕ ಮಾಡಿ, ಪುಸ್ತಕದ ಇಪ್ಪತ್ತು ಸಾಲು ತುಂಬಬೇಕು. ಮಾವ ಸಹಿ ಹಾಕಿದರೆ ಮಾತ್ರ ಅದು ಪುಸ್ತಕ, ಇಲ್ಲದಿದ್ದರೆ ರದ್ದಿ.

ಅವರು ಮೇಷ್ಟ್ರಾದ ಒಂಬತ್ತನೆಯ ವರ್ಷದ ಬ್ಯಾಚಿನಲ್ಲಿ ಕಂಡಕ್ಟರ್ ಮಗಳು ಎಂದೇ ಎಲ್ಲರೂ ಕರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮಂಡಿ ಸೋತು ಅಪ್ಪ ಕೆಲಸ ಬಿಟ್ಟಿದ್ದರು, ಕೆಳಗೆ ಇನ್ನೂ ಇಬ್ಬರು ತಂಗಿಯರು. ಆಸ್ಪತ್ರೆಗಳ ಶೀತಕೋಣೆ ನೋಡಿಕೊಳ್ಳುವ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸಹಿಯಾದ ಪುಸ್ತಕ ಹಿಡಿದು ಸೋಮವಾರ ಬೆಳಿಗ್ಗೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಶುಕ್ರವಾರ ಸಂಜೆ ಮಾವ ಅವಳ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಪುಸ್ತಕದ ತೂಕಕ್ಕೆ ತಾಳೆ ನೋಡಿದರು. ಎಂಟುನೂರು ಗ್ರಾಂ ಕಡಿಮೆ ಬಂತು. ಇನ್ನೊಮ್ಮೆ ತೂಗಿದರು. ಪುಸ್ತಕ ಮುಚ್ಚಿ ಅವಳ ಮುಖ ನೋಡಿದರು.

"ಯಾವ ಸಾಲು ಮಗಳೇ?"

"ಇಪ್ಪತ್ತನೇದು ಮಾವ." ಅವಳು ಸುತ್ತಿ ಬಳಸಿ ಹೇಳಲಿಲ್ಲ. "ಫ್ರೀಜರ್ ಅರ್ಜೆಂಟಾಗಿ ಬೇಕಿತ್ತಂತೆ. ಮೆಷಿನ್ ಜೋಡಿಸ್ತಿದ್ದೆ, ವರ್ಕ್‌ಶಾಪ್ ಯಜಮಾನ್ರು ಬಂದು ಅವರೇ ವಾಲ್ವ್ ತಿರುಗಿಸಿಬಿಟ್ರು. ಹಿಡಿದೆ ಅಂತ ಬರ್ಕೋ, ಗಾಳಿ ಗಾಳಿಗೆ ಸೇರ್ತು, ನಮ್ಮಪ್ಪನ ಗಂಟೇನು ಹೋಯ್ತು ಅಂದ್ರು. ಬರ್ಕೊಂಡೆ."

ಮಾವ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆಂದು ನಾನೂ ಅವಳೂ ಕಾದೆವು.

"ಆ ಮಾತು ನಂದು," ಅಂದರು. "ನನ್ನ ಅಂಗಡೀಲಿ ಮೊದಲು ಕೆಲಸ ಕಲಿತೋನು ಅವನು. ವಾಲ್ವ್ ತಿರುಗಿಸೋಕೆ ಹೆದರ್ತಿದ್ದ. ನಾನೇ ಅವನ ಕೈ ಹಿಡಿದು ತಿರುಗಿಸಿ ಹೀಗಂದಿದ್ದೆ. ಎಲ್ಲರೂ ನಕ್ಕಿದ್ರು."

ಸಹಿ ಹಾಕಿಬಿಡಿ ಎಂದವಳು ನಾನು. ಪರಿಸರದ ಮೇಡಂ! ಒಂದು ಸಾಲಿಗೆ ಮೂರು ಹೆಣ್ಣುಮಕ್ಕಳ ಅನ್ನ ಕಿತ್ತುಕೊಳ್ಳಬೇಡಿ ಎಂದೆ. ಮಾವ ಅವಳ ಕಡೆ ತಿರುಗಿದರು. "ನಾಳೆ ಅಲ್ಲಿಗೇ ಹೋಗೋಣ ಮಗಳೇ. ಗ್ಯಾಸಿರೋ ಯಂತ್ರ ಒಂದು ಸಿಕ್ಕರೆ ಸಾಕು" ಅಂದರು. ಅವರಿಬ್ಬರನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹೊರಟೆ.

ಶನಿವಾರ ಮೆಷಿನ್ ಹೊತ್ತು ಎರಡು ಬಸ್ಸು ಬದಲಿಸಿ ಹೋದೆವು. ವರ್ಕ್‌ಶಾಪ್ ಯಜಮಾನ ದಪ್ಪಗೆ, ನಗುಮುಖದ ಮನುಷ್ಯ. "ಗುರುಗಳೇ" ಎಂದು ಓಡಿಬಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಗಾಜಿನ ಬಾಗಿಲಿನ ಸಣ್ಣ ಆಫೀಸು, ಒಳಗೆ ಎ.ಸಿ. ತಣ್ಣಗೆ ಓಡುತ್ತಿತ್ತು. ಮಾವ ಕೂರಲಿಲ್ಲ.

"ಗ್ಯಾಸಿರೋ ಯಂತ್ರ ಒಂದು ಕೊಡಪ್ಪ. ಇವಳ ಕೆಲಸ ಅದರ ಮೇಲೆ ನಿಂತಿದೆ."

"ಅದಕ್ಕೇನು ಬರಗಾಲ? ಹಿಂದುಗಡೆ ಇಪ್ಪತ್ತಾರಿವೆ, ಬೇಕಾದ್ದು ತಗೊಳ್ಳಿ."

ಹಿತ್ತಲಲ್ಲಿ ತಗಡಿನ ನೆರಳಿನಡಿ ಫ್ರಿಜ್ಜುಗಳೂ ಫ್ರೀಜರುಗಳೂ ಸಾಲಾಗಿ ನಿಂತಿದ್ದವು. ಹುಡುಗಿ ಮೊದಲನೆಯದಕ್ಕೆ ಗೇಜ್ ಹಾಕಿದಳು. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಎರಡನೆಯದೂ ಹಾಗೇ. ಹತ್ತನೆಯದಕ್ಕೆ ಅವಳು ಗೇಜನ್ನು ಬಿಚ್ಚಿ ಮತ್ತೊಮ್ಮೆ ಹಾಕಿ ನೋಡಿದಳು. ಅಲ್ಲಿ ಕೆಲಸಕ್ಕಿದ್ದ ನಾಲ್ವರು ಸ್ಪ್ಯಾನರ್ ಕೆಳಗಿಟ್ಟು ನೋಡತೊಡಗಿದರು. ಅವರಲ್ಲೊಬ್ಬ ಮೆಲ್ಲಗೆ, "ಅಕ್ಕ, ಬಂದ ತಕ್ಷಣ ಗ್ಯಾಸ್ ಬಿಟ್ಬಿಡ್ತೀವಿ. ಇಲ್ಲಿ ಅದೇ ರೂಢಿ" ಅಂದ. ಆದರೂ ಮಾವ ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಗೇಜ್ ಹಾಕಿಸಿ, ಪ್ರತಿ ಸೊನ್ನೆಯನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಇಪ್ಪತ್ತಾರೂ ಖಾಲಿ. ನನಗೆ ಅವರ ಮುಖ ನೋಡಲಾಗಲಿಲ್ಲ.

"ಆವತ್ತು ನಿಂಗೆ ಹೇಳಿದ್ದು ತಪ್ಪಪ್ಪ," ಅಂದರು ಯಜಮಾನನಿಗೆ, ಆ ನಾಲ್ವರ ಎದುರಿಗೇ. "ನಂಗೂ ಗೊತ್ತಿರಲಿಲ್ಲ ಅನ್ನಬಹುದು. ಗೊತ್ತಾದ ಮೇಲೂ ಹತ್ತು ವರ್ಷ ನಿನ್ನ ಹತ್ರ ಬಂದು ಹೇಳಲಿಲ್ಲ. ನಾಚಿಕೆ ಆಯ್ತು, ಬರಲಿಲ್ಲ."

"ಬಿಡಿ ಗುರುಗಳೇ, ಲೋಕವೇ ಬಿಡ್ತಿದೆ, ನಾವೊಬ್ರು ಹಿಡಿದ್ರೆ..." ಯಜಮಾನ ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ. ಹುಡುಗಿ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು ಪೈಪು ಸುತ್ತಿಡುತ್ತಿದ್ದಳು. ಅಳುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು ನೋಡಲು. ಯಜಮಾನ ಅವಳನ್ನೇ ನೋಡಿದ. ಆಮೇಲೆ ಆಫೀಸಿನೊಳಗೆ ಹೋದ. ಎ.ಸಿ.ಯ ಸದ್ದು ನಿಂತಿತು.

"ಇದರಲ್ಲಿ ಗ್ಯಾಸಿದೆ," ಅಂದ ಬಾಗಿಲಲ್ಲಿ ನಿಂತು. "ತಗೋಳಮ್ಮ."

ನಲವತ್ತು ನಿಮಿಷ ಎಲ್ಲರೂ ಕಾದೆವು. ಬಿಸಿಲಿಗೆ ಗಾಜಿನ ಕೋಣೆ ಕಾದು ಯಜಮಾನನ ಅಂಗಿ ಬೆನ್ನಿಗೆ ಅಂಟಿತು. ನಡುವೆ ಎರಡು ಸಲ ಗಡಿಯಾರ ನೋಡಿದ, ಫೋನ್ ಬಂದರೆ ಎತ್ತಲಿಲ್ಲ. ಮುಳ್ಳು ಸೊನ್ನೆಗೆ ಇಳಿದಾಗ ಹುಡುಗಿ ಸಿಲಿಂಡರ್ ತೂಗಿದಳು. ಒಂಬೈನೂರ ಹತ್ತು ಗ್ರಾಂ.

ಪುಟದಲ್ಲಿ ಇದ್ದದ್ದು ಇಪ್ಪತ್ತೇ ಸಾಲು. ಹೊಸ ಪುಸ್ತಕ ಕೊಡಿ, ಎಲ್ಲವನ್ನೂ ಚೊಕ್ಕಟವಾಗಿ ಬರೆದುಕೊಳ್ಳುತ್ತೇನೆ ಎಂದು ಅವಳು ಬೇಡಿಕೊಂಡಳು. ಮಾವ ಒಪ್ಪಲಿಲ್ಲ. ಪುಟದ ಕೆಳಗೆ ಸ್ಕೇಲಿನಿಂದ ಗೆರೆ ಎಳೆದು ಇಪ್ಪತ್ತೊಂದನೆಯ ಸಾಲು ಮಾಡಿಕೊಟ್ಟರು. ಇಪ್ಪತ್ತನೆಯದನ್ನು ಅಡ್ಡಗೀಟು ಹಾಕಿ ಹೊಡೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದರು: ಇದು ಸುಳ್ಳು. ಹೀಗೆ ಮಾಡಲು ಕಲಿಸಿದವನು ನಾನು. ಕೆಳಗೆ ಸಹಿ.

"ಇದನ್ನ ತೋರಿಸಿದ್ರೆ ಕೆಲಸ ಕೊಡ್ತಾರಾ ಮಾವ?"

"ಗೊತ್ತಿಲ್ಲ ಮಗಳೇ," ಅಂದರು. ಅವರ ಕಣ್ಣು ತುಂಬಿತ್ತು.

ಆ ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಮಧ್ಯಾಹ್ನ ಅವಳ ಫೋನ್ ಬಂತು. "ಕಂಪನಿಯವರು ಎರಡು ಸಲ ಓದಿದ್ರು ಮೇಡಂ. ಸಹಿ ಹಾಕಿದ ಇವರು ಇನ್ನೂ ಪಾಠ ಮಾಡ್ತಾರಾ ಅಂತ ಕೇಳಿದ್ರು. ಹೌದು ಅಂದೆ. ಗೇಟ್ ಪಾಸಿಗೆ ಫೋಟೋ ತಂದಿದೀಯಾ ಅಂದ್ರು." ಮಾವನಿಗೆ ಹೇಳಿದೆ. ತಲೆಯಾಡಿಸಿ, ಮುಂದಿನ ಹುಡುಗನ ಸಿಲಿಂಡರ್ ತಕ್ಕಡಿಗೆ ಎತ್ತಿದರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಮಾವ ತೀರಿಕೊಂಡ ದಿನ ಅವರ ಮನೆಯ ಮೆಟ್ಟಿಲ ಬಳಿ ಆ ಯಜಮಾನ ನನ್ನ ಪಕ್ಕ ಬಂದು ನಿಂತ. "ನಿಮ್ಮ ಹತ್ರ ಸುಳ್ಳು ಹೇಳಲ್ಲ ಮೇಡಂ. ಅರ್ಜೆಂಟ್ ಇದ್ದ ದಿನ ಈಗಲೂ ಒಂದೊಂದು ಸಲ ಬಿಡ್ತೀವಿ. ಆದ್ರೆ ಆ ಮಾತು ಮಾತ್ರ ಬಾಯಿಗೆ ಬರಲ್ಲ" ಅಂದ. ಒಂದು ಕಿಲೋಗೆ ಸಾವಿರ ಕಿಲೋ ಎಂಬ ಪಾಠ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಗೋಡೆಗೊರಗಿ ಕೂತಿದ್ದ ಕಂಡಕ್ಟರ್ ಮಗಳು ಎದ್ದು ಯಜಮಾನನ ಎದುರಿಗೆ ಬಂದಳು.

"ಭಾನುವಾರ ನನಗೆ ರಜಾ ಅಣ್ಣ. ನಿಮ್ಮ ಹುಡುಗರನ್ನ ನಿಲ್ಲಿಸ್ಕೊಂಡಿರಿ, ಮೆಷಿನ್ ನಾನು ತರ್ತೀನಿ" ಅಂದಳು.