ಕಾಕಾ ಕಟ್ಟಿದ ಉಣ್ಣೆಯ ನೊಣ

ದಸರೆಗೆ ಮುಂಚೆ ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವುದು ವಿದೇಶಿ ಕೋಲಿನಿಂದ. ಇಡೀ ಜಮಖಂಡಿಯಲ್ಲಿ ಈ ವೈಭವ ಇನ್ನೊಬ್ಬರಿಗಿಲ್ಲ. ತುದಿಗೆ ಹಳೆಯ ಬನಿಯನ್ ಕಟ್ಟಿಸಿಕೊಂಡಿರುವ ಅದು ಅಸಲಿಗೆ ಮೀನು ಹಿಡಿಯುವ ಕೋಲು ಎಂದರೆ ನೀವು ನಗುತ್ತೀರಿ. ನಗಿ, ನನಗೆ ರೂಢಿಯಾಗಿದೆ. ಈ ಸಲ ಬನಿಯನ್ ಕಟ್ಟಲು ದಾರ ಹುಡುಕುತ್ತ ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕಿದರೆ ಬೆರಳಿಗೆ ಏನೋ ಚುಚ್ಚಿತು. ಉಣ್ಣೆ ಸುತ್ತಿದ ಪುಟ್ಟ ಗಾಳ. ಮೂಸಿ ನೋಡಿದೆ, ಇನ್ನೂ ಕುರಿಯ ವಾಸನೆ.

ನೌಕರಿ ಸೇರಿದ ಹೊಸದರಲ್ಲಿ ಕಚೇರಿಯವರ ಜೊತೆ ಗೋವಾಕ್ಕೆ ಹೋಗಿದ್ದೆ. ಅಲ್ಲೊಬ್ಬ ಬಿಳಿಯ ಪರದೇಶಿ ಸೊಂಟದವರೆಗೆ ಸಮುದ್ರದ ತೆರೆಯಲ್ಲಿ ನಿಂತು ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಗಾಳಕ್ಕೆ ಎರೆಹುಳವಿಲ್ಲ, ಪುಕ್ಕ ಸುತ್ತಿ ಮಾಡಿದ ಹುಸಿ ನೊಣ. ಸಿಕ್ಕ ಮೀನಿಗೆ ಮುತ್ತಿಟ್ಟು ಮತ್ತೆ ನೀರಿಗೇ ಬಿಟ್ಟ. ನನಗೆ ಅಲ್ಲೇ ಜ್ಞಾನೋದಯವಾಯಿತು. ತನ್ನೂರಿಗೆ ಹೊರಟಿದ್ದ ಅವನಿಂದ ಕೋಲು ಕೊಂಡು ಅವತ್ತೇ ತೆರೆಗಿಳಿದೆ. ಮೊದಲ ಬೀಸಿಗೆ ನನ್ನ ಟೊಪ್ಪಿಗೆಯೇ ಸಿಕ್ಕಿತು, ಎರಡನೆಯದಕ್ಕೆ ನಮ್ಮ ಸಾಹೇಬರ ಪ್ಯಾಂಟು. ಸಮುದ್ರದಲ್ಲಿ ಮೀನುಗಳೂ ಇವೆಯೆಂದು ಕೇಳಿ ಬಲ್ಲೆ.

ಮನೆಯಲ್ಲಿ ಹೆಂಡತಿ ಕೋಲನ್ನು ಮೇಲಿಂದ ಕೆಳಗೆ ನೋಡಿದಳು. ಬರುವ ಐತವಾರ ಒಂದಾದರೂ ಮೀನು ತರದಿದ್ದರೆ ಇದು ಜೇಡರ ಬಲೆ ತೆಗೆಯಲು ಎಂದು ತೀರ್ಪು ಕೊಟ್ಟಳು. ಗಂಡಸಿನ ಮಾನದ ಪ್ರಶ್ನೆ ನೋಡಿ, ಒಪ್ಪಿದೆ.

ಐತವಾರ ಹಿಪ್ಪರಗಿ ಬ್ಯಾರೇಜಿನ ಕೆಳಗೆ ಹೋದೆ. ಅಲ್ಲಿ ನಮ್ಮ ಕಾಕಾ ಕುರಿ ಮೇಯಿಸುತ್ತಿದ್ದ. ಹೆಗಲಿಗೆ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ತಕಲಿ. ಬೀರಪ್ಪನ ಗುಡಿಯಲ್ಲಿ ಪೂಜೆಯ ಪಾಳಿ ಅವನದೇ. ಸಿಕ್ಕ ಮೀನನ್ನು ಬಿಡುವ ಪರದೇಶಿಯ ಕತೆ ಕೇಳಿ, "ಬಿಡೋದಿದ್ರ ಹಿಡಿಯೋದ್ಯಾಕಲೇ?" ಎಂದ. ನಾನು ಕೋಲು ಬೀಸತೊಡಗಿದೆ. ಮಧ್ಯಾಹ್ನದೊಳಗೆ ಪರದೇಶಿಯ ನೊಣಗಳನ್ನೆಲ್ಲ ದಂಡೆಯ ಜಾಲಿಗಿಡಗಳಿಗೆ ದಾನ ಮಾಡಿದ್ದೆ. ಉಳಿದದ್ದು ಒಂದು ಬೋಳು ಗಾಳ. ನನ್ನ ಮುಖ ನೋಡಲಾರದೆ ಕಾಕಾ ಸೊಂಟದ ಚೀಲಕ್ಕೆ ಕೈ ಹಾಕಿ, ಚಿಟಿಕೆ ಉಣ್ಣೆ ತೆಗೆದು, ಗಾಳಕ್ಕೆ ಸುತ್ತಿ ಬಿಗಿದು ಕೊಟ್ಟ. ತಕಲಿ ತಿರುಗಿಸಿದ ಬೆರಳುಗಳು, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನೊಣ ತಯಾರು.

ಎರಡನೇ ಬೀಸಿಗೇ ದಾರ ಜಗ್ಗಿತು. ಮೊಳದುದ್ದದ ಮೀನು! ನಾನು ದಂಡೆಯ ಮೇಲೆ ಕುಣಿದಾಡಿದೆ. ಕಾಕಾ ಮಾತ್ರ ಗಾಳವನ್ನೇ ನೋಡುತ್ತ ನಿಂತಿದ್ದ. ಒದ್ದೆಯಾದ ಉಣ್ಣೆಯಲ್ಲಿ ಗುಡಿಯ ಭಂಡಾರದ ಅರಿಶಿನ ಹಳದಿಯಾಗಿ ಎದ್ದು ಕಾಣುತ್ತಿತ್ತು. ಅದು ಬೀರಪ್ಪನಿಗೆ ಬಿಟ್ಟ ಟಗರಿನ ಉಣ್ಣೆ. ಭಂಡಾರ ಹಚ್ಚಿ ರಕ್ಷೆಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದನ್ನೇ ಗಡಿಬಿಡಿಯಲ್ಲಿ ಗಾಳಕ್ಕೆ ಸುತ್ತಿದ್ದ.

"ಬಿಟ್ಟಬಿಡು ಅದನ್ನ," ಎಂದ. "ದೇವರ ಉಣ್ಣೀಲೆ ಜೀವ ಹಿಡದೇನಿ ನಾ. ದೈವದ ಹಿರ್ಯಾರಿಗೆ ತಿಳದ್ರ ನನ್ನ ಪಾಳಿ ಹೋಗತೈತಿ."

ಅವನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಬಿಡಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ, ಆದರೂ ಬಿಟ್ಟೆ. ಮುತ್ತು ಗಿತ್ತು ಇಲ್ಲ. ಪರದೇಶಿಯ ಶಾಸ್ತ್ರ ಹೀಗೆ ಬೀರಪ್ಪನ ಕೃಪೆಯಿಂದ ಹಿಪ್ಪರಗಿಯಲ್ಲೂ ನೆರವೇರಿತು.

ನನ್ನ ಜೊತೆ ಮನೆಗೆ ಬಂದ ಕಾಕಾ ನನ್ನ ಮುಖ ನೋಡದೆ, "ಎಲ್ಲೀ ಮೀನಾ, ಬರೇ ಜಾಲಿಕಂಟಿ ಹಿಡದಾನ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತೇ ಕೋಲಿಗೆ ಬನಿಯನ್ ಬಂತು. ಆಮೇಲೆ ಎಷ್ಟೋ ವರ್ಷ, ಮನೆಗೆ ಬಂದಾಗಲೆಲ್ಲ ಕಾಕಾ ನನ್ನ ತಾಟಿಗೆ ತನ್ನ ಪಾಲಿನ ಮಾಂಸದ ಖಂಡವನ್ನೂ ಹಾಕುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

ಕಾಕಾ ಹೋಗಿ ಎರಡು ವರ್ಷವಾಯಿತು. ನನ್ನ ಅಂಗೈಯಲ್ಲಿದ್ದ ನೊಣ ನೋಡಿ ಹೆಂಡತಿ, ಮೊದಲ ಸಲ ನಗದೆ ಕೇಳಿದಳು: "ಅವತ್ತ ಖರೇನ ಒಂದೂ ಬೀಳಲಿಲ್ಲೇನ್ರಿ?"

ಇಷ್ಟು ವರ್ಷ ಈ ಪ್ರಶ್ನೆಗೇ ಕಾದಿದ್ದೆ. ಉಣ್ಣೆಯಲ್ಲಿ ಹಳದಿ ಇನ್ನೂ ಸ್ವಲ್ಪ ಉಳಿದಿತ್ತು.

"ಇಲ್ಲ ಬಿಡು," ಎಂದೆ. ಬನಿಯನ್ ಬಿಗಿಯಾಗಿ ಕಟ್ಟಿ ಕೋಲನ್ನು ಅವಳ ಕೈಗೆ ಕೊಟ್ಟೆ. ನೀವೂ ಎಲ್ಲಿಯೂ ಹೇಳಬೇಡಿ. ಆ ಪಾಳಿಯ ಪೂಜೆ ಈಗ ಕಾಕಾನ ಮಗ ಮಾಡುತ್ತಾನೆ.