ನಲವತ್ತೊಂದನೆಯ ಗೆರೆ

ಬೆಳಗಿನ ಆರು ಗಂಟೆ. ಬಿರುಗಾಳಿ ದಾಟಿಹೋಗಿ ಒಂದು ರಾತ್ರಿ ಕಳೆದಿದೆ. ಕಡಲಂಚಿನ ಓಣಿಯೊಂದರಲ್ಲಿ, ಹಿಮ್ಮಡಿ ಹೂತುಹೋಗುವ ಕೆಸರಿನಲ್ಲಿ, ಐವತ್ತೆರಡರ ಹೆಂಗಸೊಬ್ಬರು ಅಳತೆ ಟೇಪು, ಟಾರ್ಚು ಹಿಡಿದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಾರೆ. ಓಣಿಯ ಹದಿನೆಂಟು ಮನೆಗೂ ಬೀಗ. ಒಳಗೆ ಹೋಗಲಾಗದೆ ಕೆಲಸ ನಿಂತಿದೆ. ಆದರೂ ಅವರ ಮುಖದ ತುಂಬ ನಗು.

ಕಚೇರಿಯಲ್ಲಿ ಇವರು ‘ಗೆರೆ ಅಕ್ಕ’. ಕಡಲು ಉಕ್ಕಿದರೆ ಯಾವ ಬೀದಿಗೆ ಎಷ್ಟು ನೀರು ನುಗ್ಗುತ್ತದೆಂದು ಅಲ್ಲಿನ ಕಂಪ್ಯೂಟರ್ ಮುಂಚೆಯೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಯೋ ತಪ್ಪೋ ಹೇಳುವುದು, ಇಳಿದ ನೀರು ಗೋಡೆಯಲ್ಲಿ ಬಿಟ್ಟುಹೋದ ಕೆಸರಿನ ಗೆರೆ. ಇಪ್ಪತ್ತು ವರ್ಷಗಳಿಂದ, ನೀರು ನುಗ್ಗಿದಾಗಲೆಲ್ಲ, ದಿನಕ್ಕೆ ಮೂವತ್ತು ಗೋಡೆಯಂತೆ, ಒಂದೊಂದನ್ನೂ ಮೂರು ಸಲ ಅಳೆಯುತ್ತ ಬಂದಿದ್ದಾರೆ. ಅಷ್ಟು ದೊಡ್ಡ ಯಂತ್ರಕ್ಕೆ ಪಾಸು-ಫೇಲು ಬರೆಯುವವರು ಈ ಟೇಪಿನ ಹೆಂಗಸು!

"ಹೊರಗಿನ ಗೋಡೆ ನಂಬಬಾರ್ದು, ಅಲೆ ಎರಚಿರುತ್ತೆ. ಬೀರು ಒಳಗೆ ನೋಡ್ಬೇಕು. ಅಲ್ಲಿ ನೀರು ಸುಮ್ನೆ ನಿಂತಿರುತ್ತೆ, ಸುಳ್ಳು ಹೇಳಲ್ಲ," ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಬಿರುಗಾಳಿ ಬಂದುಹೋದಾಗ ಇದೇ ಓಣಿಯಲ್ಲಿ, ಸ್ವಂತ ಅಕ್ಕನ ಮನೆಯ ಬೀರುವಿನಲ್ಲಿ, ಸೊಂಟದೆತ್ತರದ ಗೆರೆ ಸಿಕ್ಕಿತ್ತು. ಆ ಸಲದ ಅಳತೆಗಳ ಪಟ್ಟಿಯಲ್ಲಿ ಅದು ನಲವತ್ತೊಂದನೆಯದು. ಕಂಪ್ಯೂಟರ್ ಮಾತ್ರ ಓಣಿಗೆ ನೀರೇ ಬರುವುದಿಲ್ಲ ಎಂದಿತ್ತು. ಅಳತೆಯೇ ತಪ್ಪಿರಬೇಕೆಂದು ಮೇಲಿನವರು ಆ ಗೆರೆಯನ್ನು ಹೊಡೆದುಹಾಕಿದರು. ಹಾಗೇ ಬಿಟ್ಟಿದ್ದರೆ ಮುಂದಿನ ಬಿರುಗಾಳಿಗೂ ಓಣಿಗೆ ಎಚ್ಚರಿಕೆ ಬರುತ್ತಿರಲಿಲ್ಲ.

"ನಮ್ಮಕ್ಕ ಮೇಜು ಹತ್ತಿ ನಿಂತು ಜೀವ ಉಳಿಸ್ಕೊಂಡಿದ್ಲು. ಅದು ತಪ್ಪು ಅಳತೆನಾ? ಮೈಯೆಲ್ಲ ಉರಿದುಹೋಯ್ತು ನಂಗೆ."

ಹಟ ಬಿಡದೆ ಎಂಟು ಭಾನುವಾರ ಓಣಿ ಸುತ್ತಿದರು. ಕೊನೆಗೆ ಪೊದೆ ಸರಿಸಿದಾಗ ರಸ್ತೆಯಡಿಯ ಹಳೆಯ ಮೋರಿ ಕೊಳವೆ ಕಣ್ಣಿಗೆ ಬಿತ್ತು. ಕಡಲು ಅದರೊಳಗಿಂದ ನುಗ್ಗಿತ್ತು. ಕಂಪ್ಯೂಟರಿಗೆ ಕೊಟ್ಟ ನಕ್ಷೆಯಲ್ಲಿ ಆ ಕೊಳವೆಯೇ ಇರಲಿಲ್ಲ. ಅದನ್ನು ಸೇರಿಸಿ ಹಳೆಯ ಬಿರುಗಾಳಿಯ ಲೆಕ್ಕವನ್ನು ಮತ್ತೆ ಹಾಕಿದಾಗ ಪರದೆಯ ಮೇಲೆ ಇಡೀ ಓಣಿ ನೀಲಿಯಾಯಿತು. ಹಿರಿಯ ಎಂಜಿನಿಯರ್ ಕುರ್ಚಿ ಬಿಟ್ಟು ಎದ್ದು, "ತಪ್ಪು ನಮ್ದೇ ಮೇಡಂ," ಅಂದರಂತೆ.

ಈ ಸಲ ಎರಡು ದಿನ ಮೊದಲೇ ಓಣಿಗೆ ಎಚ್ಚರಿಕೆ ಬಂತು. ಮತ್ತೆ ಸೊಂಟದೆತ್ತರ ನೀರು ಎಂದಿತ್ತು ಲೆಕ್ಕ. ಒಬ್ಬರೂ ಉಳಿಯದೆ ಎತ್ತರದ ಶಾಲೆಗೆ ಹೋಗಿ ಸೇರಿದರು.

ಎಂಟು ಗಂಟೆಗೆ ಅಕ್ಕ ಬೀಗದ ಕೈ ಕುಣಿಸುತ್ತ ಬರುತ್ತಾರೆ. "ಏನೇ, ನಮಗಿಂತ ಮುಂಚೆ ನೀನೇ ಹಾಜರಾ? ಬಣ್ಣ ಬಳಿಸಿ ತಿಂಗಳಾಗಿಲ್ಲ, ಗೋಡೆ ಮೇಲೆ ಗೀಚ್ಬೇಡ ಮತ್ತೆ!"

ತಂಗಿ ಬೀರು ತೆರೆದು ಟೇಪು ಎಳೆಯುತ್ತಾರೆ. ಮೂರು ಸಲ. ಲೆಕ್ಕಕ್ಕೂ ಗೆರೆಗೂ ಎರಡೇ ಬೆರಳಿನ ವ್ಯತ್ಯಾಸ! ಅಕ್ಕನನ್ನು ಕೆಸರುಗೈಯಲ್ಲೇ ಬಾಚಿ ತಬ್ಬಿಕೊಳ್ಳುತ್ತಾರೆ.

"ಇಷ್ಟು ವರ್ಷ ಹೋದಲ್ಲೆಲ್ಲ ಜನ ಅಳ್ತಾ ಬಾಗಿಲು ತೆಗೀತಿದ್ರು. ಎಲ್ಲ ಮನೆಗೂ ಬೀಗ ನೋಡಿದ್ದು ಇವತ್ತೇ ಮೊದಲು. ಇನ್ಮುಂದೆನೂ ನಾನು ಹೀಗೇ ಬೀದೀಲಿ ಕಾಯೋ ಹಾಗಾಗ್ಲಿ, ಅಷ್ಟು ಸಾಕು."